ಎಂಟು ಹುಡುಗರು ಬರೆದ ಒಂದು ಕಾಗದ

ಇವರಿಂದ, ಇವರಿಗೆ, ಮಾನ್ಯರೇ, ವಿಷಯ: ನಮ್ಮೂರಿಗೆ ಕುಡಿಯುವ ನೀರಿನ ಸೌಲಭ್ಯ ಒದಗಿಸುವ ಬಗ್ಗೆ.

ಹತ್ತನೇ ತರಗತಿ ದಾಟಿದ ನಾವೆಲ್ಲರೂ ಇಂಥ ಕಾಗದ ಬರೆದವರೇ. ಕೆಲವರು ನೀರು ಕೇಳಿದೆವು, ಕೆಲವರು ಬಸ್ಸು ಕೇಳಿದೆವು, ಇನ್ನು ಕೆಲವರು ಬೀದಿ ದೀಪ ಕೇಳಿದೆವು. ನಮೂನೆ ಸರಿ ಇದ್ದರೆ ಅಂಕ ಬಂತು. ನೀರು ಬರಲಿಲ್ಲ, ಬಸ್ಸೂ ಬರಲಿಲ್ಲ. ಬರುವುದಾದರೂ ಹೇಗೆ? ಆ ಕಾಗದ ಉತ್ತರ ಪತ್ರಿಕೆಯ ಕಟ್ಟಿನೊಳಗೇ ಉಳಿಯಿತು. ಪಂಚಾಯಿತಿಗಾಗಲಿ, ಬಸ್ ಡಿಪೋಗಾಗಲಿ ಅದು ಹೋಗಲೇ ಇಲ್ಲ.

ಆಮೇಲೆ ನಿಜವಾಗಿ ಅರ್ಜಿ ಬರೆಯಬೇಕಾದ ದಿನ ಬರುತ್ತದೆ. ಪಿಂಚಣಿ ನಿಂತುಹೋದ ಅಜ್ಜಿಯ ಪರವಾಗಿಯೋ, ಬೆಳೆ ಪರಿಹಾರ ಬಾರದ ಅಪ್ಪನ ಪರವಾಗಿಯೋ ಪೆನ್ನು ಹಿಡಿದು ಕೂತರೆ ಮಾತೇ ಹೊರಡುವುದಿಲ್ಲ. ಕೊನೆಗೆ ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುವವರಿಗೆ ದುಡ್ಡು ಕೊಟ್ಟು ಬರೆಸುತ್ತೇವೆ. ಹತ್ತು ವರ್ಷ ಶಾಲೆಯಲ್ಲಿ ಬರೆದದ್ದು ಆ ಹೊತ್ತಿಗೆ ಎಲ್ಲಿ ಹೋಯಿತು?

ಸುಮಾರು ಅರವತ್ತು ವರ್ಷದ ಹಿಂದೆ ಇಟಲಿ ದೇಶದ ಒಂದು ಬೆಟ್ಟದೂರಿನ ಮಕ್ಕಳು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿದ್ದರು. ಕೇಳಿ ಸುಮ್ಮನಾಗಲಿಲ್ಲ, ಒಂದು ಕಾಗದ ಬರೆದರು. ಅದು ಪುಸ್ತಕವಾಯಿತು, ದೇಶವೆಲ್ಲ ಅದರ ಬಗ್ಗೆ ವಾದ ಮಾಡಿತು. ಅವರು ಬರೆಯಲು ಕಲಿತದ್ದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇವೆ. ಅದಕ್ಕೆ ದೊಡ್ಡ ಶಾಲೆ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ.

ರಸ್ತೆಯಿಲ್ಲದ ಊರು

ಊರಿನ ಹೆಸರು ಬಾರ್ಬಿಯಾನಾ. ಫ್ಲಾರೆನ್ಸ್ ನಗರದ ಉತ್ತರಕ್ಕೆ ಮುಜೆಲ್ಲೊ ಎಂಬ ಸೀಮೆಯಿದೆ. ಅಲ್ಲಿನ ಮೊಂತೆ ಜೋವಿ ಬೆಟ್ಟದ ಮೇಲೆ, ಕಾಡಿನ ನಡುವೆ, ಒಂದು ಚರ್ಚು ಮತ್ತು ಅಲ್ಲೊಂದು ಇಲ್ಲೊಂದು ಮನೆ. ಊರು ಅನ್ನುವುದಕ್ಕಿಂತ ನಮ್ಮ ಮಲೆನಾಡಿನ ಒಂಟಿಮನೆಗಳ ಹಾಗೆ ಅಂದರೆ ಸರಿಹೋದೀತು. 1950ರ ದಶಕದಲ್ಲಿ ಅಲ್ಲಿಗೆ ರಸ್ತೆ ಇರಲಿಲ್ಲ, ಕರೆಂಟು ಇರಲಿಲ್ಲ, ನಲ್ಲಿ ನೀರು ಇರಲಿಲ್ಲ. ಜನ ಪಾಲಿಗೆ ಹೊಲ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ತಮಗೆ.

1954ರ ಡಿಸೆಂಬರಿನಲ್ಲಿ ಆ ಚರ್ಚಿಗೆ ಒಬ್ಬ ಪಾದ್ರಿ ಬಂದರು. ಹೆಸರು ಲೊರೆಂಜೊ ಮಿಲಾನಿ, ವಯಸ್ಸು 31. ಫ್ಲಾರೆನ್ಸಿನ ಶ್ರೀಮಂತ, ಓದಿದ ಮನೆತನದ ಮಗ. ಇದಕ್ಕೆ ಮೊದಲು ಕಲೆಂಜಾನೊ ಎಂಬ ಕಡೆ ಕೂಲಿ ಕಾರ್ಮಿಕರ ಮಕ್ಕಳಿಗೆ ರಾತ್ರಿ ಶಾಲೆ ನಡೆಸುತ್ತಿದ್ದರು. ಅವರ ಖಾರದ ಮಾತು ದೊಡ್ಡವರಿಗೆ ಹಿಡಿಸಲಿಲ್ಲ. ಹಾಗಾಗಿ ಯಾರೂ ಹೋಗದ ಬೆಟ್ಟಕ್ಕೆ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ವರ್ಗಾವಣೆಗೆ ಓಡಾಡುತ್ತಿದ್ದರೇನೋ. ಮಿಲಾನಿ ಬಂದ ಹೊಸದರಲ್ಲೇ ಅಲ್ಲಿನ ಸ್ಮಶಾನದಲ್ಲಿ ತನ್ನ ಸಮಾಧಿಗೆ ಜಾಗ ಕೊಂಡರು. ಇಲ್ಲಿಂದ ಹೋಗುವವನಲ್ಲ ಎಂದು ಊರಿಗೆ ಅದರಿಂದಲೇ ಗೊತ್ತಾಯಿತು.

ಪ್ರಾಥಮಿಕ ಶಾಲೆ ಮುಗಿಸಿ ದನ, ಕುರಿ ಕಾಯುತ್ತಿದ್ದ ಆರು ಹುಡುಗರನ್ನು ಕೂಡಿಸಿಕೊಂಡು 1956ರಲ್ಲಿ ಶಾಲೆ ಶುರು ಮಾಡಿದರು. ಕಟ್ಟಡವಿಲ್ಲ, ಚರ್ಚಿನ ಮನೆಯೇ ಶಾಲೆ. ಬೋರ್ಡು, ಬೆಂಚು, ಮೇಷ್ಟರ ಕುರ್ಚಿ ಯಾವುದೂ ಇಲ್ಲ. ದೊಡ್ಡ ಮೇಜುಗಳು ಮಾತ್ರ. ಅವುಗಳ ಸುತ್ತ ಓದು, ಅವುಗಳ ಮೇಲೇ ಊಟ. ಒಂದು ಪಾಠಕ್ಕೆ ಒಂದೇ ಪುಸ್ತಕ, ಎಲ್ಲರೂ ಅದರ ಸುತ್ತ ಬಗ್ಗಿ ಓದಬೇಕು. ಬೆಳಗಿನಿಂದ ಸಂಜೆತನಕ ಶಾಲೆ. ಭಾನುವಾರವಿಲ್ಲ, ಬೇಸಿಗೆ ರಜೆಯಿಲ್ಲ. ರಜೆ ಯಾಕಿಲ್ಲ ಎಂದು ಮಕ್ಕಳೂ ಕೇಳಲಿಲ್ಲ. ರಜೆ ಸಿಕ್ಕರೆ ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಕೆಲಸ ಕಾದಿರುತ್ತಿತ್ತು.

ಆ ಶಾಲೆಯ ಒಂದು ಕಟ್ಟಳೆ ವಿಚಿತ್ರವಾಗಿತ್ತು. ಎಲ್ಲರಿಗಿಂತ ಹಿಂದೆ ಬಿದ್ದ ಹುಡುಗನಿಗೆ ಅರ್ಥವಾಗುವ ತನಕ ಪಾಠ ಮುಂದೆ ಹೋಗುವಂತಿಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸಬೇಕು. ಕಲಿಸುತ್ತಾ ತಾವೂ ಕಲಿಯಬೇಕು.

ದುಡ್ಡಿಗಿಂತ ದೊಡ್ಡ ಬಡತನ

ಮಿಲಾನಿಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಬಡವನನ್ನು ಬಡವನಾಗಿಯೇ ಇಡುವುದು ಮಾತಿನ ಕೊರತೆ. ಒಡೆಯನ ಮಗನಿಗೆ ಹೊಲ ಹೆಚ್ಚಿದೆ, ಮನೆ ದೊಡ್ಡದಿದೆ, ಅದು ಸರಿ. ಆದರೆ ಕಚೇರಿಯಲ್ಲಿ, ಕೋರ್ಟಿನಲ್ಲಿ, ಸಂಘದ ಸಭೆಯಲ್ಲಿ ಅವನನ್ನು ಗೆಲ್ಲಿಸುವುದು ಅವನ ಮಾತು. ರೈತನ ಮಗ ಸರಿಯಾದುದನ್ನೇ ಯೋಚಿಸಿದರೂ ಅದನ್ನು ಎದುರಿನವನಿಗೆ ನಾಟುವ ಹಾಗೆ ಹೇಳಲಾರ. ಹೇಳಲಾರದವನಿಗೆ ಕೇಳಿದ್ದೂ ಅರ್ಥವಾಗದು, ರುಜು ಹಾಕು ಅಂದ ಕಡೆ ಹಾಕಿ ಬರುತ್ತಾನೆ.

ಹಾಗಾಗಿ ಬಾರ್ಬಿಯಾನಾದಲ್ಲಿ ಎಲ್ಲ ಪಾಠಕ್ಕಿಂತ ಭಾಷೆ ಮೇಲು. ದಿನಪತ್ರಿಕೆಯನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಒಂದು ಪದ ತಿಳಿಯದಿದ್ದರೆ ಅಲ್ಲೇ ನಿಲ್ಲಬೇಕು. ಆ ಪದ ಎಲ್ಲಿಂದ ಬಂತು, ಯಾರು ಬಳಸುತ್ತಾರೆ, ಯಾಕೆ ಬಳಸುತ್ತಾರೆ ಎಂದು ಅರ್ಧ ದಿನ ಹೋದರೂ ಸರಿ. ಬೆಟ್ಟ ಹತ್ತಿ ನೋಡಲು ಬರುತ್ತಿದ್ದ ಪಟ್ಟಣದ ಪತ್ರಕರ್ತರು, ಪ್ರೊಫೆಸರುಗಳು, ಸಂಘಟನೆಯವರು ಮಕ್ಕಳ ಎದುರು ಕೂರಬೇಕಿತ್ತು. ಮಕ್ಕಳು ಪ್ರಶ್ನೆ ಕೇಳುತ್ತಿದ್ದರು. ಒಗಟಾಗಿ ಮಾತಾಡಿದವರನ್ನು ಬಿಡುತ್ತಿರಲಿಲ್ಲ.

ಕಾಗದದ ದಾರಿ

ಬರೆಯುವ ಕೆಲಸಕ್ಕೆ ಹೊಸ ತಿರುವು ಬಂದದ್ದು 1963ರಲ್ಲಿ. ಮಾರಿಯೊ ಲೋದಿ ಎಂಬ ಸರ್ಕಾರಿ ಶಾಲಾ ಮೇಷ್ಟ್ರು ಬಾರ್ಬಿಯಾನಾಕ್ಕೆ ಬಂದರು. ಉತ್ತರ ಇಟಲಿಯ ಬಯಲುಸೀಮೆಯಲ್ಲಿ, ಪಿಯಾದೆನಾ ಎಂಬಲ್ಲಿ ಅವರ ಶಾಲೆ. ಅವರ ಶಾಲೆಯ ಮಕ್ಕಳು ಸೇರಿಕೊಂಡು ಬರೆಯುತ್ತಿದ್ದರು, ಬರೆದದ್ದನ್ನು ತಾವೇ ಅಚ್ಚು ಹಾಕಿ ಬೇರೆ ಶಾಲೆಗೆ ಕಳಿಸುತ್ತಿದ್ದರು.

ಈ ಪದ್ಧತಿಯ ಬೇರು ಫ್ರಾನ್ಸಿನಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ತಿಂದು ಬಂದ ಸೆಲೆಸ್ತಾಂ ಫ್ರೆನೆ ಎಂಬ ಮೇಷ್ಟ್ರು ಹೆಚ್ಚು ಹೊತ್ತು ಗಟ್ಟಿಯಾಗಿ ಪಾಠ ಹೇಳಲಾರದೆ ಇದ್ದರು. ಬಾರ್ ಸುರ್ ಲೂ ಎಂಬ ಹಳ್ಳಿಯ ತಮ್ಮ ತರಗತಿಗೆ 1924ರಲ್ಲಿ ಒಂದು ಪುಟ್ಟ ಅಚ್ಚುಯಂತ್ರ ತಂದರು. ಮಕ್ಕಳು ತಮ್ಮ ಊರಿನ ಸಂಗತಿ ಬರೆದು, ಮೊಳೆ ಜೋಡಿಸಿ, ಅಚ್ಚು ಹಾಕಿದರು. ದೂರದ ಬ್ರಿಟನಿ ಪ್ರಾಂತದ ಕಡಲತೀರದ ಶಾಲೆಗೆ ಅಂಚೆಯಲ್ಲಿ ಕಳಿಸಿದರು. ಅಲ್ಲಿಂದ ಉತ್ತರ ಬಂತು. ಆ ಮಕ್ಕಳಿಗೆ ಬೆಟ್ಟದ ಬದುಕನ್ನು ಕಡಲಿನವರಿಗೆ ಅರ್ಥ ಮಾಡಿಸುವ ಕೆಲಸ ಬಿತ್ತು. ಮೇಷ್ಟರಿಗಾಗಿ ಬರೆಯುವಾಗ ಇಲ್ಲದ ಎಚ್ಚರ ಆಗ ತಾನಾಗಿಯೇ ಬಂತು. ಮೇಷ್ಟರಿಗೆ ಹೇಗೂ ಗೊತ್ತಿರುತ್ತದೆ. ದೂರದವರಿಗೆ ಬಿಡಿಸಿ ಹೇಳಬೇಕು.

ಲೋದಿ ಹೋದಮೇಲೆ ಬಾರ್ಬಿಯಾನಾ ಮಕ್ಕಳು ಪಿಯಾದೆನಾ ಮಕ್ಕಳಿಗೆ ಒಂದು ಕಾಗದ ಬರೆದರು. ಒಬ್ಬ ಬರೆದು ಎಲ್ಲರೂ ರುಜು ಹಾಕಿದ್ದಲ್ಲ, ಎಲ್ಲರೂ ಸೇರಿ ಬರೆದದ್ದು. ಸೇರಿ ಬರೆದಾಗ ದುರ್ಬಲ ಹುಡುಗನ ಒಂದು ಒಳ್ಳೆಯ ಮಾತೂ ಕಾಗದದೊಳಗೆ ಬಂತು, ಜಾಣ ಹುಡುಗನ ಬಡಾಯಿ ಕಳಚಿಬಿತ್ತು. ಮಿಲಾನಿ ಈ ದಾರಿಯನ್ನು ಮತ್ತೆ ಬಿಡಲಿಲ್ಲ.

ಕೋರ್ಟಿಗೆ ಹೋದ ಕಾಗದ

ಮಕ್ಕಳ ಬರವಣಿಗೆಗೆ ನಿಜವಾದ ಪರೀಕ್ಷೆ 1965ರ ಫೆಬ್ರವರಿಯಲ್ಲಿ ಬಂತು. ಆಗ ಇಟಲಿಯಲ್ಲಿ ಯುವಕರು ಕಡ್ಡಾಯವಾಗಿ ಸೇನೆಗೆ ಸೇರಬೇಕಿತ್ತು. ಮನಸ್ಸಾಕ್ಷಿ ಒಪ್ಪದು, ಬಂದೂಕು ಹಿಡಿಯೆವು ಅಂದವರು ಜೈಲಿಗೆ ಹೋಗುತ್ತಿದ್ದರು. ಟಸ್ಕನಿ ಪ್ರಾಂತದ ಕೆಲವು ನಿವೃತ್ತ ಸೇನಾ ಪಾದ್ರಿಗಳು ಅಂಥವರನ್ನು ಹೇಡಿಗಳೆಂದು ಹಳಿದು ಹೇಳಿಕೆ ಕೊಟ್ಟರು. ಅದು ಪತ್ರಿಕೆಯಲ್ಲಿ ಬಂತು. ಬಾರ್ಬಿಯಾನಾದ ಮೇಜಿನ ಸುತ್ತ ಅದನ್ನು ಓದಿದರು.

ಮಿಲಾನಿ ಮತ್ತು ಮಕ್ಕಳು ಉತ್ತರ ಕಟ್ಟಿದರು. ಸಿಟ್ಟಿನಲ್ಲಿ ಬೈದು ಬರೆಯಲಿಲ್ಲ. ಸುಮಾರು ನೂರು ವರ್ಷದ ಇಟಲಿಯ ಚರಿತ್ರೆ ತೆಗೆದು ಕೂತರು. ಯಾವ ಯುದ್ಧ ಯಾರಿಗಾಗಿ ನಡೆಯಿತು, ಯಾರು ಸತ್ತರು, ಯಾರ ನೆಲ ಯಾರ ಪಾಲಾಯಿತು ಎಂದು ಒಂದೊಂದನ್ನೂ ನೋಡಿದರು. ಪಾದ್ರಿಗಳು ಪಿತೃಭೂಮಿ ಅಂದದ್ದಕ್ಕೆ ಅದೇ ಪಿತೃಭೂಮಿಯ ಚರಿತ್ರೆಯಿಂದಲೇ ಉತ್ತರ ಕೊಟ್ಟರು. ಎದುರಾಳಿ ಯಾವುದನ್ನು ನಂಬುತ್ತಾನೋ ಅಲ್ಲಿಂದಲೇ ವಾದ ಶುರು ಮಾಡಬೇಕೆಂಬುದನ್ನು ಮಕ್ಕಳು ಹೀಗೆ ಕಲಿತರು.

ಕಾಗದವನ್ನು ಹಲವು ಪತ್ರಿಕೆಗಳಿಗೆ ಕಳಿಸಿದರು. ಮಾರ್ಚ್ ತಿಂಗಳಲ್ಲಿ ರಿನಾಶಿತಾ ಎಂಬ ವಾರಪತ್ರಿಕೆ ಅಚ್ಚು ಹಾಕಿತು. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟ ಆರೋಪದಲ್ಲಿ ಮಿಲಾನಿ ಮೇಲೆ ರೋಮಿನಲ್ಲಿ ಮೊಕದ್ದಮೆ ಬಿತ್ತು. ಆಗಲೇ ಅವರಿಗೆ ದುಗ್ಧಗ್ರಂಥಿಯ ಕ್ಯಾನ್ಸರ್, ಪ್ರಯಾಣ ಮಾಡುವ ಸ್ಥಿತಿಯಿಲ್ಲ. ಹೋಗುವ ಬದಲು ನ್ಯಾಯಾಧೀಶರಿಗೇ ಒಂದು ಉದ್ದನೆಯ ಕಾಗದ ಬರೆದರು. 1966ರ ಫೆಬ್ರವರಿಯಲ್ಲಿ ಕೋರ್ಟು ಖುಲಾಸೆ ಮಾಡಿತು. ಮೇಲ್ಮನವಿಯ ತೀರ್ಪು ಬಂದಾಗ ಅವರು ಬದುಕಿರಲಿಲ್ಲ. 1972ರ ಡಿಸೆಂಬರಿನಲ್ಲಿ ಇಟಲಿ ಹೊಸ ಕಾನೂನು ಮಾಡಿ, ಮನಸ್ಸಾಕ್ಷಿ ಒಪ್ಪದವರು ಬಂದೂಕಿನ ಬದಲು ಬೇರೆ ಸೇವೆ ಮಾಡಬಹುದು ಅಂದಿತು. ಒಂದು ಕಾಗದದಿಂದಲೇ ಇದಾಯಿತು ಅನ್ನಲಾಗದು. ಜೈಲಿಗೆ ಹೋದ ಯುವಕರೂ, ಹೋರಾಟ ಮಾಡಿದವರೂ ಬಹಳ ಜನ. ಆ ವಾದಕ್ಕೆ ಗಟ್ಟಿ ಮಾತು ಕೊಟ್ಟವರಲ್ಲಿ ಬಾರ್ಬಿಯಾನಾ ಮಕ್ಕಳೂ ಇದ್ದರು.

ಮಾತಾಡುವ ರೈಲು ಡಬ್ಬಿ

ಈ ನಡುವೆ ಇನ್ನೊಂದು ಪೆಟ್ಟು ಬಿತ್ತು. ಬಾರ್ಬಿಯಾನಾದಲ್ಲಿ ಓದಿ, ಮೇಷ್ಟ್ರಾಗುವ ಆಸೆಯಿಂದ ಫ್ಲಾರೆನ್ಸಿನ ಶಿಕ್ಷಕರ ತರಬೇತಿ ಶಾಲೆಗೆ ಸೇರಿದ ಹುಡುಗರು ನಪಾಸಾದರು.

ಇಟಲಿಯಲ್ಲಿ ಆಗಷ್ಟೇ ದೊಡ್ಡ ಬದಲಾವಣೆ ಆಗಿತ್ತು. ಅದಕ್ಕೆ ಮೊದಲು 11 ವರ್ಷಕ್ಕೇ ಮಕ್ಕಳನ್ನು ಎರಡು ದಾರಿಗೆ ಒಡೆಯುತ್ತಿದ್ದರು. ಮುಂದೆ ಓದುವವರಿಗೆ ಲ್ಯಾಟಿನ್ ಇರುವ ಶಾಲೆ, ದುಡಿಯುವವರಿಗೆ ಕೈಕೆಲಸದ ಶಾಲೆ. 1962ರ ಡಿಸೆಂಬರ್ 31ರ ಕಾನೂನು ಇದನ್ನು ತೆಗೆದುಹಾಕಿ 14 ವರ್ಷದವರೆಗೆ ಎಲ್ಲರಿಗೂ ಒಂದೇ ಮಾಧ್ಯಮಿಕ ಶಾಲೆ ಎಂದಿತು. ಬಾಗಿಲೇನೋ ತೆರೆಯಿತು. ಒಳಗೆ ಬಂದ ರೈತರ, ಕೂಲಿಕಾರರ ಮಕ್ಕಳು ವರ್ಷ ವರ್ಷವೂ ನಪಾಸಾಗಿ ಹೊರಗೆ ಬೀಳುತ್ತಿದ್ದರು.

ಮಕ್ಕಳಿಗೆ ತಡೆಯಲಾಗದ ಇನ್ನೊಂದು ಸಂಗತಿಯಿತ್ತು. ಪರೀಕ್ಷೆಯಲ್ಲಿ ಬಂದ ಪ್ರಬಂಧದ ವಿಷಯ: ರೈಲು ಡಬ್ಬಿಗಳು ಮಾತಾಡುತ್ತಿವೆ ಎಂದುಕೊಂಡು ಬರೆಯಿರಿ. ನಾವೂ ಹರಿದ ಚಪ್ಪಲಿಯ ಆತ್ಮಕಥೆ, ಮುರಿದ ಕುರ್ಚಿಯ ಸ್ವಗತ ಬರೆದವರೇ ಅಲ್ಲವೇ. ಕಲ್ಪನೆ ಬೆಳೆಯಲು ಅದೂ ಇರಲಿ. ಆದರೆ ಯುದ್ಧ, ಕಾನೂನು, ಪಾಲಿನ ಹೊಲ, ಪತ್ರಿಕೆ ಎಂದು ಬೆಳೆದ ಹುಡುಗನಿಗೆ ರೈಲು ಡಬ್ಬಿ ಏನು ಹೇಳೀತು? ಯಾರಿಗೆ ಹೇಳೀತು? ಹೇಳಲು ಏನಾದರೂ ಇದ್ದಾಗಲೇ ಬರೆಯಬೇಕು ಎಂದು ಬಾರ್ಬಿಯಾನಾದಲ್ಲಿ ಕಲಿತವನಿಗೆ ಅಲ್ಲಿ ಹೇಳಲು ಏನೂ ಸಿಗಲಿಲ್ಲ.

ನಪಾಸಾದ ಹುಡುಗರು ಬೆಟ್ಟಕ್ಕೆ ಹಿಂತಿರುಗಿದರು. ಒಬ್ಬ ಶಿಕ್ಷಕಿಗೆ ಕಾಗದ ಬರೆಯೋಣ ಎಂದು ಕೂತರು. ಮೇಲೆ ಸಂಬೋಧನೆ ಆ ಶಿಕ್ಷಕಿಗೆ. ಒಳಗಿನ ಪ್ರಶ್ನೆ ಇಡೀ ಶಾಲಾ ವ್ಯವಸ್ಥೆಗೆ. ಬರೆದವರು ಎಂಟು ಹುಡುಗರು. ಆಗಲೇ ಕೆಲಸಕ್ಕೆ ಸೇರಿದ್ದ ಹಳೆಯ ಗೆಳೆಯರು ಭಾನುವಾರ ಬಂದು ಕೈಜೋಡಿಸಿದರು. ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಕಾಗದ ಕಟ್ಟಿದ ಬಗೆ

ಅವರು ಬರೆದ ರೀತಿಯನ್ನು ಆ ಪುಸ್ತಕದಲ್ಲೇ ವಿವರಿಸಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಹೀಗೆ.

ಪ್ರತಿ ಹುಡುಗನ ಜೇಬಿನಲ್ಲೂ ಒಂದು ಚಿಕ್ಕ ಪುಸ್ತಕ. ದನ ಹೊಡೆದುಕೊಂಡು ಹೋಗುವಾಗಲೋ, ಊಟ ಮಾಡುವಾಗಲೋ ವಿಷಯಕ್ಕೆ ಸಂಬಂಧಪಟ್ಟದ್ದು ಏನು ಹೊಳೆದರೂ ಅದರಲ್ಲಿ ಬರೆದಿಡುತ್ತಿದ್ದರು. ಆಮೇಲೆ ಪ್ರತಿಯೊಂದು ವಿಚಾರವನ್ನೂ ಬೇರೆ ಬೇರೆ ಚೀಟಿಗೆ ಇಳಿಸುತ್ತಿದ್ದರು. ಒಂದು ಚೀಟಿಗೆ ಒಂದೇ ವಿಚಾರ, ಅದೂ ಒಂದೇ ಮಗ್ಗುಲಿಗೆ.

ಒಂದು ದಿನ ಎಲ್ಲ ಚೀಟಿ ದೊಡ್ಡ ಮೇಜಿನ ಮೇಲೆ. ಒಂದೊಂದಾಗಿ ಓದುವುದು. ಇಬ್ಬರು ಒಂದೇ ಮಾತು ಬರೆದಿದ್ದರೆ ಒಂದು ಚೀಟಿ ಆಚೆಗೆ. ಒಂದಕ್ಕೊಂದು ಸೇರುವ ಚೀಟಿಗಳನ್ನು ಗುಡ್ಡೆ ಮಾಡುವುದು. ಸುಗ್ಗಿಯಲ್ಲಿ ರಾಶಿ ಮಾಡಿದ ಹಾಗೆ ದೊಡ್ಡ ರಾಶಿ ಒಂದು ಅಧ್ಯಾಯ, ಅದರೊಳಗಿನ ಸಣ್ಣ ರಾಶಿ ಒಂದು ಪ್ಯಾರಾ.

ಪ್ರತಿ ಸಣ್ಣ ರಾಶಿಗೂ ಒಂದು ಹೆಸರು ಇಡಬೇಕು. ಹೆಸರು ಇಡಲು ಆಗಲಿಲ್ಲವೇ? ಹಾಗಾದರೆ ಅದರಲ್ಲಿ ಹುರುಳಿಲ್ಲ, ಅಥವಾ ಎರಡು ಮೂರು ವಿಷಯ ಕಲಸಿಹೋಗಿವೆ. ಒಡೆಯಬೇಕು, ಇಲ್ಲವೇ ಬಿಸಾಡಬೇಕು. ಹೆಸರುಗಳು ಸಿದ್ಧವಾದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಜಗಳ. ಈ ಜಗಳದಲ್ಲೇ ವಾದದ ಬೆನ್ನೆಲುಬು ಹುಟ್ಟುತ್ತಿತ್ತು.

ಇಷ್ಟಾದ ಮೇಲಷ್ಟೇ ಬರೆಯಲು ಶುರು. ಬರೆದದ್ದನ್ನು ಕೈಯಚ್ಚಿನಲ್ಲಿ ಪ್ರತಿ ತೆಗೆದು ಎಲ್ಲರಿಗೂ ಒಂದೊಂದು. ಕತ್ತರಿ, ಅಂಟು, ಬಣ್ಣದ ಪೆನ್ಸಿಲ್ ಹಿಡಿದು ಮತ್ತೆ ಹಿಂದುಮುಂದು ಮಾಡುವುದು. ಕೊನೆಗೆ ಒಂದು ಪಂದ್ಯ. ಯಾರು ಹೆಚ್ಚು ಮಾತು ಹೊಡೆದುಹಾಕುತ್ತಾರೆ? ಬೇಡದ ವಿಶೇಷಣ, ಎರಡು ಸಲ ಹೇಳಿದ್ದು, ಸುಳ್ಳು, ಮನೆಯಲ್ಲಿ ಮಾತಾಡದ ಕಠಿಣ ಪದ, ಉಸಿರು ಹಿಡಿಯದ ಉದ್ದ ವಾಕ್ಯ ಎಲ್ಲಕ್ಕೂ ಕತ್ತರಿ.

ಕೊನೆಯ ಹಂತವೇ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು. ಹೊರಗಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸುತ್ತಿದ್ದರು, ಅದೂ ಹೆಚ್ಚು ಓದದವರನ್ನು. ಅವರು ಗಟ್ಟಿಯಾಗಿ ಓದುವಾಗ ಮಕ್ಕಳು ಮುಖ ನೋಡುತ್ತಾ ಕೂರುತ್ತಿದ್ದರು. ಎಲ್ಲಿ ತಡವರಿಸಿದರೋ, ಎಲ್ಲಿ ತಪ್ಪು ತಿಳಿದರೋ ಅಲ್ಲಿ ತಪ್ಪು ಬರೆದವರದೇ. ಮಾತು ತಿಳಿಯಾಗಲು ಅವರು ಕೊಟ್ಟ ಸಲಹೆಯನ್ನು ತೆಗೆದುಕೊಳ್ಳುತ್ತಿದ್ದರು. ಇಷ್ಟು ಖಾರ ಬೇಡ, ದೊಡ್ಡವರಿಗೆ ಬೇಜಾರಾದೀತು ಎಂಬ ಸಲಹೆಯನ್ನು ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಮೂಲದಲ್ಲಿ ಎರಡು ಷರತ್ತು. ಹೇಳಬೇಕಾದ ಮುಖ್ಯ ಮಾತು ನಿಮ್ಮ ಬಳಿ ಇರಬೇಕು, ಅದು ನಾಲ್ಕು ಜನಕ್ಕೆ ಬೇಕಾದದ್ದಾಗಿರಬೇಕು. ಯಾರಿಗೆ ಹೇಳುತ್ತಿದ್ದೀರಿ ಎಂಬುದು ಗೊತ್ತಿರಬೇಕು. ನಾವು ಪತ್ರಿಕೋದ್ಯಮ ಓದಲು ಕಾಲೇಜಿಗೆ ಹೋದಾಗ ಮೊದಲ ಪಾಠವಾಗಿ ಕಲಿತದ್ದೂ ಇದನ್ನೇ. ಬೆಟ್ಟದ ಮೇಲಿನ ಹುಡುಗರು ಅದನ್ನು ನಮಗಿಂತ ಎಷ್ಟೋ ಚಿಕ್ಕ ವಯಸ್ಸಿಗೆ ಕಲಿತಿದ್ದರು.

ಲೆಕ್ಕ ಹಿಡಿದು ಮಾತಾಡಿದ ಮಕ್ಕಳು

ನಮ್ಮನ್ನು ನಪಾಸು ಮಾಡಿದ್ದು ಅನ್ಯಾಯ ಎಂದಷ್ಟೇ ಬರೆದಿದ್ದರೆ ಅದು ಗೋಳಾಗುತ್ತಿತ್ತು. ಓದಿದವರು ಅಯ್ಯೋ ಪಾಪ ಎಂದು ಮಡಚಿ ಇಡುತ್ತಿದ್ದರು. ಮಕ್ಕಳು ಹಾಗೆ ಮಾಡಲಿಲ್ಲ. ಶಾಲೆ ಶಾಲೆ ತಿರುಗಿ ರಿಜಿಸ್ಟರು ಕೇಳಿದರು. ಸರ್ಕಾರಿ ಅಂಕಿಅಂಶ ತರಿಸಿಕೊಂಡರು. ನಪಾಸಾದ ಮಕ್ಕಳ ಅಪ್ಪ ಏನು ಕೆಲಸ ಮಾಡುತ್ತಾನೆ, ಪಾಸಾದ ಮಕ್ಕಳ ಅಪ್ಪ ಏನು ಮಾಡುತ್ತಾನೆ ಎಂದು ಪಟ್ಟಿ ಕಟ್ಟಿದರು. ಒಂದು ತರಗತಿಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ, ಯಾರು ಉದುರಿಹೋದರು ಎಂದು ತೋರಿಸಿದರು. ಉದುರಿದವರಲ್ಲಿ ರೈತರ, ಕೂಲಿಯವರ ಮಕ್ಕಳೇ ಹೆಚ್ಚು.

ಬರೀ ಅಂಕಿಯಾದರೆ ಓದುವವರ ಕಣ್ಣು ಮಂಜಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಅದಕ್ಕೆ ಎರಡು ಹುಡುಗರನ್ನು ಕಾಗದದುದ್ದಕ್ಕೂ ನಡೆಸಿದರು. ಒಬ್ಬ ಜಾನ್ನಿ, ಬಡವರ ಮಗ. ನಪಾಸಾಗಿ ನಪಾಸಾಗಿ ಶಾಲೆ ಬಿಟ್ಟು ದುಡಿಯಲು ಹೋಗುತ್ತಾನೆ. ಇನ್ನೊಬ್ಬ ಪಿಯರೀನೊ, ಡಾಕ್ಟರ ಮಗ. ಶಾಲೆಗೆ ಸೇರುವ ಮೊದಲೇ ಮನೆಯಲ್ಲಿ ಓದು ಬರಹ ಕಲಿತವನು. ಇಬ್ಬರಿಗೂ ಒಂದೇ ಪಾಠ, ಒಂದೇ ಪರೀಕ್ಷೆ, ಒಂದೇ ಅಳತೆ. ಒಬ್ಬ ಗದ್ದೆ ಬದುವಿನಿಂದ ಓಟ ಶುರು ಮಾಡಿದ, ಇನ್ನೊಬ್ಬ ಗೆಲುವಿನ ಗೆರೆಯ ಹತ್ತಿರದಿಂದ. ಓಟ ಮಾತ್ರ ಸಮಾನ ಎಂದು ಮೇಷ್ಟ್ರು ಅಂದರೆ ಅದು ನ್ಯಾಯವೇ ಎಂಬುದು ಅವರ ವಾದದ ತಿರುಳು.

ದೂರು ಹೇಳಿ ನಿಲ್ಲಿಸಲಿಲ್ಲ. ಮೂರು ಬೇಡಿಕೆ ಇಟ್ಟರು. ಕಡ್ಡಾಯ ಶಾಲೆಯಲ್ಲಿ ಮಕ್ಕಳನ್ನು ನಪಾಸು ಮಾಡಬೇಡಿ. ದಡ್ಡರೆಂದು ಕಾಣುವ ಮಕ್ಕಳಿಗೆ ಪೂರ್ತಿ ದಿನ ಶಾಲೆ ನಡೆಸಿ. ಸೋಮಾರಿಗಳೆಂದು ಕಾಣುವ ಮಕ್ಕಳಿಗೆ ಬದುಕಿನಲ್ಲಿ ಒಂದು ಗುರಿ ಕೊಡಿ. ಓದಿದವರು ಮುಂದೇನು ಮಾಡಬೇಕು ಎಂದು ತಡಕಾಡುವ ಪ್ರಮೇಯವಿಲ್ಲ.

ಪುಸ್ತಕದ ಮೊದಲಲ್ಲೇ ಇನ್ನೊಂದು ಜಾಣತನವಿದೆ. ಶಿಕ್ಷಕಿಯ ಹೆಸರಿಗೆ ಬರೆದ ಕಾಗದವಾದರೂ ಇದು ತಂದೆತಾಯಿಗಳಿಗೆ, ನೀವು ಸಂಘಟಿತರಾಗಿ ಎಂದು ಮಕ್ಕಳೇ ಹೇಳಿಬಿಡುತ್ತಾರೆ. ಕೇಳಿಸಿಕೊಳ್ಳಬೇಕಾದವರು ಯಾರು, ಎದ್ದು ನಿಲ್ಲಬೇಕಾದವರು ಯಾರು ಎಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು.

ಆಮೇಲೆ ಆದದ್ದು

1967ರ ಮೇ ತಿಂಗಳಲ್ಲಿ ಫ್ಲಾರೆನ್ಸಿನ ಒಂದು ಸಣ್ಣ ಪ್ರಕಾಶನ ಆ ಕಾಗದವನ್ನು ಪುಸ್ತಕ ಮಾಡಿತು. ಲೇಖಕರ ಹೆಸರಿನ ಜಾಗದಲ್ಲಿ ಬಾರ್ಬಿಯಾನಾ ಶಾಲೆ ಎಂದಷ್ಟೇ ಇತ್ತು. ಜೂನ್ 26ರಂದು ಮಿಲಾನಿ ತೀರಿಕೊಂಡರು, 44 ವರ್ಷಕ್ಕೆ. ಸುಮಾರು ಹನ್ನೆರಡೂವರೆ ವರ್ಷದ ಹಿಂದೆ ಕೊಂಡಿದ್ದ ಬೆಟ್ಟದ ಮೇಲಿನ ಜಾಗದಲ್ಲೇ ಮಣ್ಣು ಮಾಡಿದರು.

ಕಾಗದ ಅವರಿಲ್ಲದೆಯೂ ನಡೆಯಿತು. ಮುಂದಿನ ವರ್ಷ ಬೀದಿಗಿಳಿದ ವಿದ್ಯಾರ್ಥಿಗಳು ಅದನ್ನು ಓದಿದರು, ಮೇಷ್ಟರುಗಳು ಓದಿದರು, ಕಾರ್ಮಿಕ ಸಂಘಗಳು ಓದಿದವು. 1970ರಲ್ಲಿ ಇಂಗ್ಲಿಷಿಗೆ ಬಂತು, ಇನ್ನೂ ಎಷ್ಟೋ ಭಾಷೆಗೆ ಹೋಯಿತು. ಇಟಲಿಯ ಶಾಲೆಗಳ ಕಾನೂನು 1977ರಲ್ಲಿ ಬದಲಾಯಿತು. ಅಂಕದ ಜಾಗಕ್ಕೆ ಮಗುವಿನ ಬೆಳವಣಿಗೆ ಬರೆದಿಡುವ ಹಾಳೆ ಬಂತು, ಹಿಂದೆ ಬಿದ್ದವರ ಪ್ರತ್ಯೇಕ ತರಗತಿಗಳು ರದ್ದಾದವು. ಅದರ ಹಿಂದೆ ಹತ್ತು ವರ್ಷದ ಚಳವಳಿ ಇತ್ತು. ಆ ಚಳವಳಿಯ ಕೈಯಲ್ಲಿ ಈ ಪುಸ್ತಕ ಇತ್ತು. 2017ರಲ್ಲಿ ಪೋಪ್ ಫ್ರಾನ್ಸಿಸ್ ಸ್ವತಃ ಬಾರ್ಬಿಯಾನಾಕ್ಕೆ ಹೋಗಿ ಆ ಸಮಾಧಿ ಮುಂದೆ ಪ್ರಾರ್ಥಿಸಿದರು.

ನಾವು ಒಪ್ಪದ ಮಾತೂ ಇದೆ

ಎಲ್ಲವನ್ನೂ ಹೊಗಳಿ ಮುಗಿಸಿದರೆ ಅದು ಚರಿತ್ರೆಯಾಗದು. ಬಾರ್ಬಿಯಾನಾದಲ್ಲಿ ಅತಿ ಹಟ ಮಾಡಿದವರಿಗೆ ಪೆಟ್ಟೂ ಬೀಳುತ್ತಿತ್ತು ಎಂದು ಮಕ್ಕಳೇ ಬರೆದಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ಕೆಳಗಿನ ಊರಿನಿಂದ ಹುಡುಗಿಯರು ಬರುತ್ತಿರಲಿಲ್ಲ, ರಸ್ತೆ ಕಾರಣವೋ ತಂದೆತಾಯಿಗಳ ಮನಸ್ಸು ಕಾರಣವೋ ಎಂದು ಕಾಗದವೇ ಕೇಳಿಕೊಳ್ಳುತ್ತದೆ. ನ್ಯಾಯ ಕೇಳಿದ ಮೇಜಿನ ಸುತ್ತಲೂ ಅರ್ಧ ಊರು ಇರಲಿಲ್ಲ.

ಕಾಗದದ ಮಾತು ಕೆಲವೆಡೆ ಅತಿ ಒರಟು. ಒಳ್ಳೆಯ ಮನಸ್ಸಿನಿಂದ ದುಡಿಯುತ್ತಿದ್ದ ಶಿಕ್ಷಕಿಯರಿಗೂ ಅದು ನೋವು ಕೊಟ್ಟಿತು. ಇನ್ನೊಂದು ಪ್ರಶ್ನೆಯನ್ನು ಜನ ಆಗಿನಿಂದಲೂ ಕೇಳುತ್ತಿದ್ದಾರೆ: ಇದರಲ್ಲಿ ಮಕ್ಕಳದೆಷ್ಟು, ಪಾದ್ರಿಯದೆಷ್ಟು? ದಾರಿ ತೋರಿಸಿದ್ದು, ಕೆಲಸ ನಡೆಸಿದ್ದು ಪಾದ್ರಿ ಎಂದು ಮಕ್ಕಳು ಮುಚ್ಚಿಡಲಿಲ್ಲ. ನಮಗನ್ನಿಸುವುದು ಇಷ್ಟು. ಈಜು ಕಲಿಸುವವನು ನೀರಿಗೆ ಇಳಿಯಲೇಬೇಕು, ದಡ ಮುಟ್ಟಿದ್ದು ಮಕ್ಕಳೇ. ಮಕ್ಕಳ ಹೆಸರಿನಲ್ಲಿ ದೊಡ್ಡವರು ತಮ್ಮ ಮಾತು ತುರುಕಬಾರದೆಂಬ ಎಚ್ಚರವನ್ನೂ ಈ ಪ್ರಶ್ನೆ ಕೊಡುತ್ತದೆ.

ನಮ್ಮ ನೀರಿನ ಕಾಗದ

ಈಗ ಮೊದಲ ಸಾಲಿಗೆ ಬರೋಣ. ಅದೇ ನೀರಿನ ಕಾಗದವನ್ನು ಬಾರ್ಬಿಯಾನಾ ದಾರಿಯಲ್ಲಿ ಬರೆದರೆ ಹೇಗಿದ್ದೀತು?

ಊರಿನ ಹೆಸರು ಪ್ರಶ್ನೆಪತ್ರಿಕೆ ಕೊಟ್ಟದ್ದಲ್ಲ, ನಿಮ್ಮದೇ. ಎಂಟು ಮಕ್ಕಳು ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಹದಿನೈದು ದಿನ ಓಡಾಡುತ್ತಾರೆ. ನಲ್ಲಿ ಯಾವ ಯಾವ ದಿನ ಬಂತು, ಎಷ್ಟು ಹೊತ್ತು ಬಂತು ಎಂದು ಒಬ್ಬ ಬರೆಯುತ್ತಾನೆ. ಕೊಡ ಹೊತ್ತು ಎಷ್ಟು ದೂರ ನಡೆಯಬೇಕು ಎಂದು ಒಬ್ಬಳು ಹೆಜ್ಜೆ ಎಣಿಸುತ್ತಾಳೆ. ನೀರಿಗೆ ನಿಂತು ಶಾಲೆ ತಪ್ಪಿಸಿಕೊಂಡವರು ಯಾರು ಎಂದು ಹಾಜರಿ ನೋಡುತ್ತಾರೆ. ಅವರಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ಬಿಡಿಸುತ್ತಾರೆ. ಕೆಟ್ಟ ಮೋಟಾರು ಎಂದಿನಿಂದ ಕೆಟ್ಟಿದೆ ಎಂದು ನೀರು ಬಿಡುವವರನ್ನು ಕೇಳುತ್ತಾರೆ. ಚೀಟಿ ಎಲ್ಲ ಜಗಲಿ ಮೇಲೆ ಹರಡಿ ರಾಶಿ ಮಾಡುತ್ತಾರೆ. ಬರೆದದ್ದನ್ನು ಓದು ಬಾರದ ಅಜ್ಜಿಗೆ ಓದಿ ಹೇಳಿ, ಅವಳಿಗೆ ತಿಳಿಯದ ಪದ ತೆಗೆಯುತ್ತಾರೆ. ಕೊನೆಗೆ ಒಂದೇ ಬೇಡಿಕೆ: ಮೋಟಾರು ರಿಪೇರಿಯಾಗಬೇಕು, ಯಾವ ದಿನದೊಳಗೆ ಎಂದು ಬರೆದುಕೊಡಿ.

ಇಂಥ ಕಾಗದವನ್ನು ಎಲ್ಲಿ ಓದಬೇಕು ಎಂದು ಕೇಳಬಹುದು. ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬುದಿದೆ. ಎಷ್ಟೋ ಕಡೆ ಅದು ಹಾಡು, ಭಾಷಣ, ಬಿಸ್ಕತ್ತಿಗೆ ಮುಗಿಯುತ್ತದೆ. ಮಕ್ಕಳು ಎದ್ದುನಿಂತು ಶಾಲೆಗೆ ಶೌಚಾಲಯ ಬೇಕು ಅನ್ನುತ್ತಾರೆ, ನೋಡೋಣ ಎಂಬ ಉತ್ತರ ಬರುತ್ತದೆ. ಅದೇ ಮಕ್ಕಳ ಕೈಯಲ್ಲಿ ದಿನಾಂಕ, ದೂರ, ಹಾಜರಿ ಲೆಕ್ಕ ಇರುವ ಕಾಗದವಿದ್ದರೆ ನೋಡೋಣ ಅನ್ನುವುದು ಅಷ್ಟು ಸುಲಭವಲ್ಲ. ಸ್ವೀಕೃತಿ ಪಡೆದುಕೊಂಡು ಬಂದರಂತೂ ಮುಂದಿನ ಸಭೆಯಲ್ಲಿ ಕೇಳಲು ಆಧಾರವೂ ಆಯಿತು.

ಕಾಗದ ಬರೆದ ಕೂಡಲೇ ನೀರು ಬರುತ್ತದೆ ಎಂದು ನಾವು ಹೇಳುವುದಿಲ್ಲ. ಬಾರ್ಬಿಯಾನಾ ಹುಡುಗರು ಕಾಗದ ಬರೆದು ಪಾಸಾಗಲಿಲ್ಲ. ಕಾನೂನು ಬದಲಾಗುವಷ್ಟರಲ್ಲಿ ಅವರು ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ತಮ್ಮ ಸಂಕಟವನ್ನು ತಾವೇ ಲೆಕ್ಕ ಹಾಕಿ, ಎದುರಿನವರಿಗೆ ನಾಟುವ ಹಾಗೆ ಹೇಳಿದ ಮಕ್ಕಳು ಆಮೇಲೆ ಯಾವ ಕಚೇರಿ ಬಾಗಿಲಲ್ಲೂ ಬಾಯಿ ಕಟ್ಟಿ ನಿಲ್ಲಲಾರರು.

ನಿಮ್ಮ ಮನೆಯಲ್ಲಿ ಈ ಸಲ ಹತ್ತನೇ ತರಗತಿಯಲ್ಲಿ ಓದುವ ಮಗುವಿದ್ದರೆ, ಅಭ್ಯಾಸಕ್ಕೆಂದು ಬರೆದ ಕಾಗದವನ್ನು ಒಮ್ಮೆ ಕೇಳಿ ಓದಿಸಿಕೊಳ್ಳಿ. ಊರಿನ ಹೆಸರು ತಿದ್ದಿಸಿ ನಿಮ್ಮ ಊರಿನ ಹೆಸರು ಹಾಕಿಸಿ. ಅದರಲ್ಲಿ ಇಲ್ಲದ ಲೆಕ್ಕವನ್ನು ಇಬ್ಬರೂ ಸೇರಿ ಹುಡುಕಿ. ಆಮೇಲೆ ಕಳಿಸಿಬಿಡಿ.